‘ಪಿಚ್ ಮ್ಯಾಚ್ ಆಗಿದೆ’ ಎಂಬ ಫಾರ್ವರ್ಡ್ ನಂಬುವ ಮುನ್ನ: ಧ್ವನಿಯನ್ನು ಅಳೆಯುವುದು ಹೇಗೆ?

ಚುನಾವಣೆಯ ಹೊತ್ತಿಗೆ ಒಂದು ಆಡಿಯೊ ‘ಲೀಕ್’ ಆಗುತ್ತದೆ. ಬೆನ್ನಿಗೇ ಒಂದು ಸ್ಕ್ರೀನ್‌ಶಾಟ್ ಬರುತ್ತದೆ: ಅಂಕುಡೊಂಕಾದ ನೀಲಿ ಗೆರೆ, ಪಕ್ಕದಲ್ಲೊಂದು ಸಂಖ್ಯೆ, ಕೆಳಗೆ ‘ಪಿಚ್ ಮ್ಯಾಚ್ ಆಗಿದೆ, ಇದು ಅವರದೇ ಧ್ವನಿ, ಎಲ್ಲರಿಗೂ ಕಳಿಸಿ’ ಎಂಬ ಸಾಲು. ಇನ್ನೊಂದು ದಿನ ಬೇರೆ ಬಗೆಯದು: ಫೋನಿನ ಮುಂದೆ ‘ಆ…’ ಎನ್ನಿ, ನಿಮ್ಮ ಧ್ವನಿ ಎಷ್ಟು ಹರ್ಟ್ಜ್ ಎಂದು ಆ್ಯಪ್ ಹೇಳುತ್ತದೆ, ಇಷ್ಟಕ್ಕಿಂತ ಆಚೀಚೆ ಇದ್ದರೆ ಗಂಟಲಲ್ಲಿ ಏನೋ ತೊಂದರೆ ಇದೆ ಎಂದುಕೊಳ್ಳಿ.

ಎರಡೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಧ್ವನಿಯ ಪಿಚ್ ಎಂದರೆ ನಮ್ಮ ಎತ್ತರದ ಹಾಗೆ, ಒಬ್ಬರಿಗೆ ಒಂದೇ ಸಂಖ್ಯೆ. ಯಾರು ಅಳೆದರೂ, ಯಾವ ಫೋನಿನಲ್ಲಿ ಅಳೆದರೂ ಅಷ್ಟೇ ಬರುತ್ತದೆ ಎಂಬ ನಂಬಿಕೆ. ಅದು ಎಲ್ಲಿ ತಪ್ಪುತ್ತದೆ ಎಂದು ನೋಡೋಣ. ಪಿಚ್ ಅಳೆಯುವುದೇನೂ ಬೋಗಸ್ ವಿದ್ಯೆಯಲ್ಲ. ಇಎನ್‌ಟಿ ವೈದ್ಯರು, ಸ್ಪೀಚ್ ಥೆರಪಿಸ್ಟ್‌ಗಳು, ಭಾಷಾವಿಜ್ಞಾನಿಗಳು ದಿನವೂ ಅಳೆಯುತ್ತಾರೆ. ಎಡವಟ್ಟಾಗುವುದು ‘ಹೇಗೆ ಅಳೆದರು’ ಎಂಬುದನ್ನು ಕತ್ತರಿಸಿ ಹಾಕಿ, ಬರೀ ಸಂಖ್ಯೆಯನ್ನು ಮುಂದೆ ಸಾಗಿಸಿದಾಗ.

ಗಂಟಲಿನಲ್ಲಿ ಎಣಿಸುವುದು ಏನನ್ನು?

ಕುತ್ತಿಗೆಯ ಮುಂಭಾಗಕ್ಕೆ ಬೆರಳಿಟ್ಟು ‘ಆ’ ಎನ್ನಿ. ಬೆರಳಿಗೆ ನಡುಕ ತಿಳಿಯುತ್ತದೆ. ಶ್ವಾಸಕೋಶದಿಂದ ಮೇಲೆ ಬರುವ ಗಾಳಿಗೆ ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ತೆರೆಯುತ್ತಾ ಮುಚ್ಚುತ್ತಾ ಇರುವುದರ ನಡುಕ ಅದು. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತೆರೆದು ಮುಚ್ಚಿದವು ಎಂಬ ಎಣಿಕೆಯನ್ನೇ ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಮಾತಾಡುವಾಗ ಇದು ವಯಸ್ಕ ಗಂಡಸರಲ್ಲಿ ಸಾಮಾನ್ಯವಾಗಿ 100ರಿಂದ 130ರ ಆಸುಪಾಸು, ಹೆಂಗಸರಲ್ಲಿ 200ರ ಆಸುಪಾಸು, ಚಿಕ್ಕ ಮಕ್ಕಳಲ್ಲಿ ಇನ್ನೂ ಮೇಲೆ. ಹುಡುಗರ ಧ್ವನಿ ಒಡೆಯುವ ವಯಸ್ಸಿನಲ್ಲಿ ತಂತುಗಳು ಉದ್ದವಾಗಿ ದಪ್ಪವಾಗುವುದರಿಂದ ಎಣಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಪಿಚ್ ಅನ್ನು ‘ಸ್ಥಾಯಿ’ ಎಂದು ಓದಿರುತ್ತೀರಿ. ಸಂಗೀತ ಕಲಿತವರಿಗೆ ಸ್ಥಾಯಿ ಎಂದರೆ ಬೇರೆಯದೇ ಅರ್ಥ. ಹಾಗಾಗಿ ಇಲ್ಲಿ ಪಿಚ್ ಎಂದೇ ಬರೆಯುತ್ತಿದ್ದೇವೆ. ಇನ್ನೂ ಕಟ್ಟುನಿಟ್ಟಾಗಿ ಹೇಳುವುದಾದರೆ ಪಿಚ್ ಎಂಬುದು ಕಿವಿಗೆ ಅನಿಸುವುದು, ಯಂತ್ರ ಅಳೆಯುವುದು ಮೂಲ ಆವೃತ್ತಿಯನ್ನು. ಈ ವ್ಯತ್ಯಾಸ ಮುಂದೆ ಒಂದು ಕಡೆ ಕೆಲಸಕ್ಕೆ ಬರುತ್ತದೆ.

ವಾದ್ಯಕ್ಕೆ ಆದದ್ದು ಮಾತಿಗೆ ಆಗಿಲ್ಲ

ಯುರೋಪಿನಲ್ಲಿ ಒಂದು ಕಾಲಕ್ಕೆ ಊರಿಗೊಂದು ಶ್ರುತಿ ಇತ್ತು. ಒಂದೂರಿನ ಮೇಳಕ್ಕೆ ಕೂಡಿಸಿದ ವಾದ್ಯ ಇನ್ನೊಂದೂರಿನ ಮೇಳಕ್ಕೆ ಕೂಡುತ್ತಿರಲಿಲ್ಲ. 1859ರಲ್ಲಿ ಫ್ರಾನ್ಸ್ ಸರ್ಕಾರ ‘ಎ’ ಸ್ವರ 435 ಹರ್ಟ್ಜ್ ಇರಬೇಕೆಂದು ಗೊತ್ತುಮಾಡಿತು. 1939ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ 440ಕ್ಕೆ ಒಪ್ಪಿತು. ಮುಂದೆ ಅದೇ ಐಎಸ್‌ಒ 16 ಎಂಬ ಮಾನಕವಾಯಿತು. (ಈ 440ರ ಮೇಲೂ ಫಾರ್ವರ್ಡ್‌ಗಳಿವೆ, ‘432 ಹರ್ಟ್ಜ್ ಕೇಳಿದರೆ ಕಾಯಿಲೆ ವಾಸಿ’ ಎಂಬಂಥವು. ಅದನ್ನು ಇನ್ನೊಮ್ಮೆ ನೋಡೋಣ.) ನಮ್ಮಲ್ಲೂ ಭಾಗವತರು ‘ಕಪ್ಪು ಮೂರು’ ಎಂದರೆ ಸಾಕು, ಹಾರ್ಮೋನಿಯಂನ ಯಾವ ಮನೆ ಒತ್ತಬೇಕೆಂದು ಶ್ರುತಿಗೆ ಕೂತವರಿಗೆ ಗೊತ್ತಾಗುತ್ತದೆ. ಆ ರೀಡ್ ಬೆಳಿಗ್ಗೆಯೂ ಅದೇ, ನಡುರಾತ್ರಿಯೂ ಅದೇ.

ಗಂಟಲು ಹಾಗಲ್ಲ. ‘ಊಟ ಆಯ್ತಾ?’ ಎಂಬ ಎರಡು ಪದದಲ್ಲೇ ಧ್ವನಿ ಏರಿ ಇಳಿದಿರುತ್ತದೆ. ಗದ್ದಲದಲ್ಲಿ ಮಾತಾಡಿದರೆ ನಮಗೆ ಅರಿವಿಲ್ಲದೆಯೇ ಧ್ವನಿ ಜೋರಾಗುತ್ತದೆ, ಜೊತೆಗೆ ಪಿಚ್ ಕೂಡ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಗುರುತಿಸಿದ ಈ ಪರಿಣಾಮಕ್ಕೆ ಅವರದೇ ಹೆಸರಿದೆ. ಸಂತೆಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದ ನೀವು, ರಾತ್ರಿ ಮಗುವನ್ನು ಮಲಗಿಸುತ್ತಾ ಪಿಸುಮಾತಿಗೆ ಹತ್ತಿರದಲ್ಲಿ ಮಾತಾಡುವ ನೀವು, ನೆಗಡಿಯಲ್ಲಿ ಎದ್ದ ಬೆಳಗಿನ ನೀವು, ಮೂವರೂ ಒಬ್ಬರೇ. ಪಿಚ್ ಮಾತ್ರ ಮೂರು.

ಹರ್ಟ್ಜ್ ಎಂಬ ಅಳತೆಗೋಲಿನ ಬಗ್ಗೆ ಯಾರಿಗೂ ತಕರಾರಿಲ್ಲ. ಕೆ.ಜಿ. ಕೂಡ ಎಲ್ಲ ಕಡೆ ಒಂದೇ. ಆದರೆ ತೂಕದ ಯಂತ್ರದ ಮೇಲೆ ಒಬ್ಬರು ಊಟ ಮಾಡಿ, ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಚೀಲ ಹಿಡಿದು ನಿಂತರೆ, ಇನ್ನೊಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂತರೆ, ಆ ಎರಡು ಸಂಖ್ಯೆ ಹೋಲಿಸಿ ಏನು ಹೇಳಲು ಸಾಧ್ಯ? ಧ್ವನಿಯ ವಿಷಯದಲ್ಲಿ ಚೀಲ ಯಾವುದು, ಚಪ್ಪಲಿ ಯಾವುದು ಎಂದು ಗುರುತಿಸಿ ಬದಿಗಿಡುವುದಕ್ಕೇ ಮಾನಕೀಕರಣ ಎನ್ನುವುದು. ಈ ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ.

ಕಂಪ್ಯೂಟರ್ ಊಹಿಸುತ್ತದೆ

ಯಂತ್ರ ಧ್ವನಿತಂತುಗಳನ್ನು ನೋಡುತ್ತಿಲ್ಲ, ಅದರ ಬಳಿ ಇರುವುದು ಶಬ್ದದ ಅಲೆ ಮಾತ್ರ. ಅದು ಆ ಅಲೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ‘ಈ ಆಕಾರ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತಿದೆ’ ಎಂದು ಹುಡುಕುತ್ತದೆ. ಒಂದು ಪಾರದರ್ಶಕ ಹಾಳೆಯ ಮೇಲೆ ಅಲೆಯನ್ನು ಬರೆದು, ಅದರದೇ ನಕಲನ್ನು ಮೇಲಿಟ್ಟು ನಿಧಾನವಾಗಿ ಸರಿಸುತ್ತಾ ಹೋದರೆ ಒಂದು ಹಂತದಲ್ಲಿ ಎರಡೂ ಮತ್ತೆ ಕೂಡುತ್ತವಲ್ಲ, ಆ ದೂರವೇ ಒಂದು ಸುತ್ತು. ಧ್ವನಿ ಸಂಶೋಧಕರು ಜಗತ್ತಿನಾದ್ಯಂತ ಬಳಸುವ ಪ್ರಾಟ್ ಎಂಬ ಉಚಿತ ತಂತ್ರಾಂಶ ಮಾಡುವುದು ಬಹುಮಟ್ಟಿಗೆ ಇದನ್ನೇ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಅದನ್ನು ಕಟ್ಟಿದವರು. ಹುಡುಕುವ ಈ ವಿಧಾನವನ್ನು ಬೋರ್ಸ್ಮಾ 1993ರಲ್ಲಿ ಪ್ರಕಟಿಸಿದರು.

ತೊಡಕಿರುವುದು ಇಲ್ಲಿ. ಒಂದು ಸುತ್ತಿಗೆ ಕೂಡುವ ಅಲೆ ಎರಡು ಸುತ್ತಿಗೂ ಕೂಡುತ್ತದೆ, ಮೂರಕ್ಕೂ ಕೂಡುತ್ತದೆ. ತಂತ್ರಾಂಶ ಒಂದರ ಬದಲು ಎರಡು ಸುತ್ತನ್ನು ಒಂದೆಂದು ಎಣಿಸಿದರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ. ಅರ್ಧ ಸುತ್ತಿಗೇ ಮೋಸಹೋದರೆ ದುಪ್ಪಟ್ಟಾಗುತ್ತದೆ. ಇದು ಅಪರೂಪದ ತಪ್ಪಲ್ಲ, ಪಿಚ್ ಅಳೆಯುವವರೆಲ್ಲರಿಗೂ ಪರಿಚಿತವಾದ ಕಾಟ. ಒಬ್ಬರ ಧ್ವನಿ ನಿಜಕ್ಕೂ 120 ಹರ್ಟ್ಜ್ ಇದೆ, ನೂರು ತುಂಡುಗಳಲ್ಲಿ ಹತ್ತನ್ನು ಮಾತ್ರ ತಂತ್ರಾಂಶ 240 ಎಂದು ತಪ್ಪಾಗಿ ಓದಿತು ಎಂದಿಟ್ಟುಕೊಳ್ಳಿ. ಸರಾಸರಿ 132 ಬರುತ್ತದೆ. ಅದೇ ರೆಕಾರ್ಡಿಂಗ್, ಅದೇ ಗಂಟಲು. ಸರಾಸರಿಯ ಬದಲು ಮಧ್ಯಾಂಕ ತೆಗೆದುಕೊಂಡಿದ್ದರೆ 120 ಎಂದೇ ಬರುತ್ತಿತ್ತು. ವರದಿಯಲ್ಲಿ ಯಾವುದನ್ನು ಕೊಟ್ಟಿದ್ದಾರೆ ಎಂದು ಬರೆದಿರದಿದ್ದರೆ ಓದುವವರಿಗೆ ತಿಳಿಯುವುದು ಹೇಗೆ?

ಈ ಕಾಟ ತಪ್ಪಿಸಲು ತಂತ್ರಾಂಶಕ್ಕೆ ಮೊದಲೇ ಎರಡು ಗಡಿ ಹೇಳಿಕೊಡಬೇಕು: ಇದಕ್ಕಿಂತ ಕೆಳಗೆ ಹುಡುಕಬೇಡ, ಇದಕ್ಕಿಂತ ಮೇಲೆ ಹುಡುಕಬೇಡ. ಗಂಡಿನ ಧ್ವನಿಗೆ 75ರಿಂದ 300, ಹೆಣ್ಣಿನ ಧ್ವನಿಗೆ 100ರಿಂದ 500 ಎಂಬುದು ಪ್ರಾಟ್ ಕೈಪಿಡಿಯಲ್ಲಿ ಬಹುಕಾಲದಿಂದ ಇದ್ದ ಸಲಹೆ. ಗಡಿ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಮಗು 550 ಹರ್ಟ್ಜ್‌ನಲ್ಲಿ ಕಿರುಚಿ ಅಳುತ್ತಿದೆ, ಮೇಲಿನ ಗಡಿ 500ಕ್ಕಿದೆ ಎಂದರೆ ತಂತ್ರಾಂಶ 275 ಎಂದುಬಿಡಬಹುದು. ಮಾತಿನ ಕೊನೆಯಲ್ಲಿ ಹಲವರ ಧ್ವನಿ ಗರಗರ ಎನ್ನುತ್ತಾ 50 ಹರ್ಟ್ಜ್‌ವರೆಗೂ ಇಳಿಯುತ್ತದೆ. ಕೆಳಗಿನ ಗಡಿ 75ಕ್ಕಿದ್ದರೆ ಆ ಭಾಗ ಲೆಕ್ಕಕ್ಕೇ ಬರುವುದಿಲ್ಲ, ಇಲ್ಲವೇ 100 ಎಂದು ಸೇರಿಕೊಳ್ಳುತ್ತದೆ.

ಒಂದು ತಮಾಷೆ ಗಮನಿಸಿ. ಮಾತಾಡಿದವರು ಗಂಡೋ ಹೆಣ್ಣೋ ಎಂದು ತಂತ್ರಾಂಶಕ್ಕೆ ಮೊದಲು ನಾವೇ ಹೇಳಿ ಗಡಿ ಹಾಕುತ್ತೇವೆ. ಆಮೇಲೆ ‘ತಂತ್ರಾಂಶವೇ ಹೇಳಿದೆ, ಇದು ಗಂಡಸಿನ ಧ್ವನಿ’ ಎಂದು ಸ್ಕ್ರೀನ್‌ಶಾಟ್ ಹಂಚುತ್ತೇವೆ! ಇದರಿಂದ ಪಾರಾಗಲು ಸಂಶೋಧಕರು ಎರಡು ಸುತ್ತು ಅಳೆಯುವ ದಾರಿ ಹಿಡಿದಿದ್ದಾರೆ. ಮೊದಲು ಅಗಲವಾದ ಗಡಿಯಲ್ಲಿ ಅಳೆದು, ಆ ವ್ಯಕ್ತಿಯ ಧ್ವನಿ ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಎಂದು ನೋಡಿ, ಅವರಿಗೇ ಹೊಂದುವ ಗಡಿ ಹಾಕಿ ಮತ್ತೆ ಅಳೆಯುವುದು. ಡೇನಿಯಲ್ ಹರ್ಸ್ಟ್ ಮತ್ತು ಜೊತೆಗಾರರು ಇದಕ್ಕೆ ಸರಳ ಸೂತ್ರವನ್ನೇ ಕೊಟ್ಟಿದ್ದಾರೆ. ಸುಲಭವಾದ ಕೆಲಸ. ಫೋನಿನ ಆ್ಯಪ್ ಅದನ್ನು ಮಾಡುತ್ತದೋ ಇಲ್ಲವೋ ಎಂಬುದು ಮಾತ್ರ ಪರದೆಯ ಮೇಲೆ ಕಾಣುವುದಿಲ್ಲ.

ಸರಾಸರಿಯ ವಿಷಯದಲ್ಲಿ ಇನ್ನೊಂದು ಮಾತು. ಕಿವಿ ಹರ್ಟ್ಜ್‌ಗಳನ್ನು ಕೂಡಿಸಿ ಕಳೆಯುವುದಿಲ್ಲ. 100ರಿಂದ 200ಕ್ಕೆ ಏರಿದರೂ, 200ರಿಂದ 400ಕ್ಕೆ ಏರಿದರೂ ಅದಕ್ಕೆ ಒಂದೇ ಅಂತರ, ಸಂಗೀತದವರ ಮಾತಿನಲ್ಲಿ ಒಂದು ಸ್ಥಾಯಿ. ಹಾಗಾಗಿ ಅರ್ಧ ಹೊತ್ತು 100, ಅರ್ಧ ಹೊತ್ತು 200ರಲ್ಲಿರುವ ಧ್ವನಿಯ ಸರಾಸರಿಯನ್ನು ಹರ್ಟ್ಜ್‌ನಲ್ಲಿ ತೆಗೆದರೆ 150, ಕಿವಿಯ ಲೆಕ್ಕಕ್ಕೆ ಹತ್ತಿರವಾದ ಸೆಮಿಟೋನ್‌ನಲ್ಲಿ ತೆಗೆದರೆ ಸುಮಾರು 141. ಎರಡೂ ಸರಿ. ಒಂದರ ಪಕ್ಕ ಇನ್ನೊಂದನ್ನಿಟ್ಟು ‘ಪಿಚ್ ಇಳಿದಿದೆ’ ಎನ್ನುವುದು ಮಾತ್ರ ತಪ್ಪು.

ಫೋನಿನಲ್ಲಿ ಇಲ್ಲದ ಪಿಚ್

ಹಳೆಯ ದೂರವಾಣಿ ಜಾಲ ಸಾಗಿಸುತ್ತಿದ್ದುದು 300ರಿಂದ 3,400 ಹರ್ಟ್ಜ್‌ವರೆಗಿನ ಶಬ್ದವನ್ನು ಮಾತ್ರ. ಅಪ್ಪನ ಧ್ವನಿ 120 ಹರ್ಟ್ಜ್ ಆಗಿದ್ದರೆ ಆ 120 ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ‘ಹಲೋ’ ಎಂದ ಕೂಡಲೇ ಅಪ್ಪನದೇ ದಪ್ಪ ಧ್ವನಿ ಕೇಳುತ್ತಿತ್ತಲ್ಲ, ಹೇಗೆ? 120ರ ಜೊತೆ ಗಂಟಲು ಅದರ ಮಡಿಗಳನ್ನೂ ಹೊರಡಿಸುತ್ತದೆ: 240, 360, 480, 600. ಮೊದಲೆರಡು ಸೋಸಿಹೋದರೂ 360, 480, 600 ದಾಟಿ ಬರುತ್ತವೆ. ಅವುಗಳ ನಡುವಿನ ಅಂತರ 120. ಮಿದುಳು ಆ ಅಂತರದಿಂದಲೇ ಇಲ್ಲದ ಪಿಚ್ಚನ್ನು ಕಟ್ಟಿಕೊಳ್ಳುತ್ತದೆ. ಕಿವಿಗೆ ಅನಿಸುವುದು ಬೇರೆ, ಯಂತ್ರ ಅಳೆಯುವುದು ಬೇರೆ ಎಂದು ಮೇಲೆ ಹೇಳಿದ್ದು ಇದಕ್ಕೇ.

ಮರುಕಳಿಕೆ ಹುಡುಕುವ ತಂತ್ರಾಂಶ ಇಲ್ಲೂ 120ನ್ನು ಹಿಡಿಯಬಲ್ಲದು. ಆದರೆ ‘ಎಲ್ಲಕ್ಕಿಂತ ಜೋರಾದ ಸ್ವರ ಯಾವುದು’ ಎಂದಷ್ಟೇ ನೋಡುವ ಸರಳ ಆ್ಯಪ್‌ಗೆ 360 ಕಾಣಬಹುದು. ನೇರವಾಗಿ ಮೈಕಿನ ಮುಂದೆ ‘ಆ’ ಎಂದಾಗಲೂ ಈ ಅಪಾಯ ಇದ್ದೇ ಇದೆ. ‘ಆ’ ಎನ್ನುವಾಗ ಬಾಯಿಯ ಆಕಾರ 700 ಹರ್ಟ್ಜ್ ಸುತ್ತಮುತ್ತಲಿನ ಶಬ್ದವನ್ನು ಎತ್ತಿ ಕೊಡುವುದರಿಂದ, ಆರನೆಯ ಮಡಿಯಾದ 720 ಮೂಲದ 120ಕ್ಕಿಂತ ಜೋರಾಗಿರಬಹುದು.

ಹಾಗಾದರೆ ವಾಟ್ಸಾಪ್ ವಾಯ್ಸ್ ನೋಟ್? ಅದು ಶಬ್ದವನ್ನು ಕುಗ್ಗಿಸಿ ಕಳಿಸುತ್ತದೆ. ಸರಾಸರಿ ಪಿಚ್‌ಗೆ ಇದರಿಂದ ಹೆಚ್ಚೇನೂ ಧಕ್ಕೆಯಾಗುವುದಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. 1.5 ಪಟ್ಟು ವೇಗದಲ್ಲಿ ಕೇಳಿದರೂ ಧ್ವನಿ ಕೀರಲಾಗುವುದಿಲ್ಲ, ಏಕೆಂದರೆ ಆ್ಯಪ್ ಪಿಚ್ಚನ್ನು ಹಾಗೇ ಇಟ್ಟು ಕಾಲವನ್ನು ಮಾತ್ರ ಕಿರಿದು ಮಾಡುತ್ತದೆ. ಕೆಡುವುದು ಬೇರೆ ಕಡೆ. ಸೆಕೆಂಡಿಗೆ 44,100 ಮಾದರಿಗಳಂತೆ ರೆಕಾರ್ಡ್ ಆದ ಫೈಲನ್ನು ಯಾವುದೋ ಎಡಿಟಿಂಗ್ ಆ್ಯಪ್ 48,000 ಎಂದು ತಪ್ಪಾಗಿ ಓದಿದರೆ, 200 ಹರ್ಟ್ಜ್ ಧ್ವನಿ ಸುಮಾರು 218 ಆಗಿ ಹೊರಬರುತ್ತದೆ. ಹತ್ತು ಗುಂಪು ದಾಟಿ ಬಂದ ಆಡಿಯೊ ದಾರಿಯಲ್ಲಿ ಎಷ್ಟು ಆ್ಯಪ್‌ಗಳ ಕೈಗೆ ಸಿಕ್ಕಿದೆಯೋ ಹೇಳುವವರಿಲ್ಲ.

ಸಂಖ್ಯೆ ಕೊಡಬೇಡಿ ಎಂದ ಮಾನಕ

ಇದೆಲ್ಲ ಯಾರ ಬದುಕನ್ನಾದರೂ ಮುಟ್ಟುತ್ತದೆಯೇ? ಮುಟ್ಟುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿ ಧ್ವನಿ ಒಡೆದ ಶಿಕ್ಷಕಿಯೊಬ್ಬರನ್ನು ನೆನೆಯಿರಿ. ಒಂದು ಕಡೆ ಪರೀಕ್ಷೆ ಮಾಡಿಸುತ್ತಾರೆ, ಮೂರು ತಿಂಗಳು ಚಿಕಿತ್ಸೆ ಪಡೆಯುತ್ತಾರೆ, ಇನ್ನೊಂದು ಕಡೆ ಮತ್ತೆ ಪರೀಕ್ಷೆ. ಎರಡು ವರದಿಯ ಸಂಖ್ಯೆಗಳು ಬೇರೆ. ಗಂಟಲು ಸುಧಾರಿಸಿದೆಯೇ, ಕೆಟ್ಟಿದೆಯೇ, ಅಥವಾ ಬದಲಾದದ್ದು ಯಂತ್ರದ ಗಡಿ ಮಾತ್ರವೇ? ಕೆಲಸಕ್ಕೆ ಮರಳಬೇಕೇ ಬೇಡವೇ ಎಂಬುದು ಈ ಉತ್ತರದ ಮೇಲೆ ನಿಂತಿರಬಹುದು.

ಸರಾಸರಿ ಪಿಚ್‌ಗಿಂತ ನಾಜೂಕಾದದ್ದು ‘ಜಿಟ್ಟರ್’. ಧ್ವನಿತಂತುಗಳ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಎಷ್ಟು ವ್ಯತ್ಯಾಸ ಎಂಬ ಅಳತೆ ಅದು. 100 ಹರ್ಟ್ಜ್ ಧ್ವನಿಯಲ್ಲಿ ಶೇಕಡ 1ರಷ್ಟು ಜಿಟ್ಟರ್ ಎಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ವ್ಯತ್ಯಾಸ. ಫ್ಯಾನ್ ಸದ್ದು, ಅಗ್ಗದ ಮೈಕು, ಕುಗ್ಗಿಸಿದ ಫೈಲು ಯಾವುದೂ ಇದನ್ನು ಕೆಡಿಸಬಹುದು. ಆಸ್ಪತ್ರೆಗಳಲ್ಲಿ ಬಹಳ ಬಳಕೆಯಾದ ಎಂಡಿವಿಪಿ ಎಂಬ ತಂತ್ರಾಂಶ ಶೇಕಡ 1.04ನ್ನು ಆರೋಗ್ಯದ ಗಡಿಯೆಂದು ಇಟ್ಟುಕೊಂಡಿತ್ತು. ಪ್ರಾಟ್ ಕೈಪಿಡಿಯೇ ಎಚ್ಚರಿಸುವಂತೆ, ಆ ಸಂಖ್ಯೆಯನ್ನು ಕಂಡುಕೊಂಡ ಅಳತೆಗಳಲ್ಲಿ ಸದ್ದೂ ಬೆರೆತಿತ್ತು, ನಿಜವಾದ ಗಡಿ ಅದಕ್ಕಿಂತ ಕೆಳಗಿರಬಹುದು. ಒಂದು ತಂತ್ರಾಂಶದಲ್ಲಿ ಅಳೆದು ಇನ್ನೊಂದು ತಂತ್ರಾಂಶದ ಗಡಿಗೆ ಹೋಲಿಸಿದರೆ ಕಾಯಿಲೆ ಇರುವವರಿಗೆ ‘ಏನೂ ಇಲ್ಲ’ ಎಂಬ ವರದಿ ಬರುವ ಸಾಧ್ಯತೆ ಇದೆ.

ಈ ಗೋಜಲನ್ನು ಬಿಡಿಸಲು 1994ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಧ್ವನಿವಿಜ್ಞಾನಿಗಳು ಸೇರಿದರು. ಇಂಗೋ ಟಿಟ್ಸೆ ಸಿದ್ಧಪಡಿಸಿದ ಅದರ ಹೇಳಿಕೆ ಇಂದಿಗೂ ಈ ಕ್ಷೇತ್ರದ ತಳಹದಿ. ಅದರಲ್ಲಿ ನಮಗೆ ಅತ್ಯಂತ ಇಷ್ಟವಾಗುವುದು ಧ್ವನಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದ ರೀತಿ. ಸುತ್ತುಗಳು ಹೆಚ್ಚುಕಡಿಮೆ ಒಂದೇ ತೆರನಾಗಿ ಮರುಕಳಿಸುವ ಧ್ವನಿ ಮೊದಲ ಬಗೆ; ಅದಕ್ಕೆ ಜಿಟ್ಟರ್‌ನಂಥ ಸಂಖ್ಯೆ ಕೊಡಬಹುದು. ನಡುನಡುವೆ ಮುರಿದು, ಎರಡೆರಡು ಸ್ವರ ಒಟ್ಟಿಗೆ ಕೇಳಿದಂತಾಗುವ ಧ್ವನಿ ಎರಡನೆಯದು; ಅದನ್ನು ಸಂಖ್ಯೆಗಿಂತ ಚಿತ್ರದಲ್ಲಿ ನೋಡಿ ತಿಳಿಯಬೇಕು. ಮೂರನೆಯದರಲ್ಲಿ ಮರುಕಳಿಕೆಯೇ ಇಲ್ಲ, ಪೂರ್ತಿ ಒಡೆದ ಕರ್ಕಶ ಧ್ವನಿ. ಅದಕ್ಕೆ ಸಂಖ್ಯೆ ಬೇಡ, ಪಳಗಿದ ಕಿವಿ ಕೇಳಿ ಹೇಳಲಿ ಎಂಬುದು ಅವರ ಸಲಹೆ.

ಎಂದರೆ, ಕಾಯಿಲೆ ಹೆಚ್ಚಿದಷ್ಟೂ ಸಂಖ್ಯೆಯ ಮೇಲಿನ ನಂಬಿಕೆ ಕಡಿಮೆಯಾಗಬೇಕು. ಫೋನಿನ ಆ್ಯಪ್ ಮಾಡುವುದು ಇದಕ್ಕೆ ಉಲ್ಟಾ. ಧ್ವನಿ ಎಷ್ಟೇ ಒಡೆದಿರಲಿ, ಅದು ಏನಾದರೊಂದು ಸಂಖ್ಯೆ ತೋರಿಸಿಯೇ ತೋರಿಸುತ್ತದೆ.

ಆಮೇಲೆ 2001ರಲ್ಲಿ ಯುರೋಪಿನ ಧ್ವನಿಪೆಟ್ಟಿಗೆ ತಜ್ಞರ ಸಂಘ, 2018ರಲ್ಲಿ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ ‘ಆಶಾ’ ತಂತಮ್ಮ ಶಿಫಾರಸು ಕೊಟ್ಟವು. ಮೈಕು ಎಂಥದು, ಬಾಯಿಂದ ಎಷ್ಟು ದೂರ, ಕೋಣೆಯ ಸದ್ದು ಎಷ್ಟಿರಬೇಕು, ‘ಆ’ ಎಂದು ಎಷ್ಟು ಹೊತ್ತು ಎಳೆಯಬೇಕು, ಏನನ್ನು ಓದಿಸಬೇಕು ಎಂಬಂಥ ಮನೆಗೆಲಸದ ವಿವರಗಳು ಅವು. ಓದಲು ಬೇಜಾರು, ಆದರೆ ಚಪ್ಪಲಿ, ಚೀಲ ಬಿಡಿಸುವ ಕೆಲಸ ನಡೆಯುವುದು ಇಂಥ ವಿವರಗಳಲ್ಲೇ.

ಏನನ್ನು ಓದಿಸಬೇಕು ಎಂಬುದು ನಮಗೆ ಮುಖ್ಯ. ಇಂಗ್ಲಿಷಿನಲ್ಲಿ ಕಾಮನಬಿಲ್ಲಿನ ಬಗೆಗಿನ ಒಂದು ಗೊತ್ತುಪಡಿಸಿದ ಪರಿಚ್ಛೇದವನ್ನು ಓದಿಸುವುದು ರೂಢಿ. ಕನ್ನಡ ಮಾಧ್ಯಮದಲ್ಲಿ ಓದಿದವರ ಕೈಗೆ ಅದನ್ನು ಕೊಟ್ಟರೆ ತಡವರಿಸುತ್ತಾರೆ, ಗಾಬರಿಗೊಳ್ಳುತ್ತಾರೆ, ಏರಿಳಿತ ಬದಲಾಗುತ್ತದೆ. ಆಗ ಅಳೆದದ್ದು ಅವರ ಧ್ವನಿಯನ್ನಲ್ಲ, ಇಂಗ್ಲಿಷಿನ ಭಯವನ್ನು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ‘ಆಯಿಷ್’, ಅಂಥ ಕಡೆ ಕನ್ನಡದ್ದೇ ವಾಕ್ಯಗಳನ್ನು ಓದಿಸಿ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಮತ್ತೆ ಆ ಲೀಕ್ ಆಡಿಯೊಗೆ

ಪಿಚ್ ಹೊಂದಿತು ಎಂದೇ ಇಟ್ಟುಕೊಳ್ಳೋಣ, ಸರಿಯಾಗಿಯೇ ಅಳೆದಿದ್ದಾರೆ ಎಂದುಕೊಳ್ಳೋಣ. ಆಗಲೂ ಏನೂ ಸಾಬೀತಾಗುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಂದು ಸುತ್ತು ಬಂದರೆ 120 ಹರ್ಟ್ಜ್ ಆಸುಪಾಸಿನ ಗಂಡಸರು ಎಷ್ಟೋ ಮಂದಿ ಸಿಗುತ್ತಾರೆ. ಒಬ್ಬರದೇ ಎರಡು ರೆಕಾರ್ಡಿಂಗ್‌ಗಳ ಪಿಚ್ ಹೊಂದದೇ ಇರುವುದೂ ಅಷ್ಟೇ ಸಹಜ, ಒಂದರಲ್ಲಿ ಸಿಟ್ಟಿದ್ದು ಇನ್ನೊಂದರಲ್ಲಿ ನಿದ್ದೆಗಣ್ಣಿದ್ದರೆ ಸಾಕು. ಇನ್ನು ಎಐ ಧ್ವನಿನಕಲು ಮೊದಲು ಅನುಕರಿಸುವುದೇ ಇಂಥ ಸುಲಭದ ಗುಣಗಳನ್ನು.

‘ಬೆರಳಚ್ಚಿನ ಹಾಗೆ ಧ್ವನಿಯಚ್ಚು’ ಎಂಬ ಮಾತು ಹುಟ್ಟಿದ್ದು 1962ರ ಸುಮಾರಿಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ನ ಲಾರೆನ್ಸ್ ಕೆರ್ಸ್ಟಾ ಅವರಿಂದ. ಆದರೆ 1979ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಪರಿಶೀಲಿಸಿ, ನ್ಯಾಯಾಲಯದಲ್ಲಿ ಇದನ್ನು ಬಳಸುವಾಗ ಬಹಳ ಎಚ್ಚರ ಬೇಕು ಎಂದಿತು. ಬೆರಳಚ್ಚು ಸಿಟ್ಟು ಬಂದಾಗ ಬದಲಾಗುವುದಿಲ್ಲ, ಧ್ವನಿ ಬದಲಾಗುತ್ತದೆ. ನಮ್ಮಲ್ಲಿ 2019ರಲ್ಲಿ ರಿತೇಶ್ ಸಿನ್ಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನಿಖೆಗಾಗಿ ಧ್ವನಿ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು ಎಂದಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈಗ ಅದು ಬರಹದಲ್ಲೇ ಇದೆ. ಪ್ರಯೋಗಾಲಯಕ್ಕೆ ಬೇಕಾದದ್ದು ಮೂಲ ಫೈಲು ಮತ್ತು ಆ ವ್ಯಕ್ತಿಯಿಂದ ಪಡೆದ ಮಾದರಿ, ಅದೂ ಪಿಚ್ ಒಂದನ್ನೇ ನೋಡುವುದಕ್ಕಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಇವೆರಡೂ ಇರುವುದಿಲ್ಲ. ಅದನ್ನು ಮುಂದೆ ಕಳಿಸಿದವರಿಗೆ ಕೇಳಲು ಒಂದೇ ಪ್ರಶ್ನೆ ಸಾಕು: ಯಾವ ಫೈಲು, ಯಾವ ತಂತ್ರಾಂಶ, ಯಾವ ಗಡಿ?

ನಿಮ್ಮದೇ ಫೋನಿನಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಎರಡು ಬೇರೆ ಬೇರೆ ಆ್ಯಪ್ ಹಾಕಿಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಸಂಜೆ ಟಿ.ವಿ. ಜೋರಾಗಿಟ್ಟು ಒಮ್ಮೆ, ಅದೇ ನಾಲ್ಕು ಸಾಲು ಓದಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಆದರೆ ಧ್ವನಿ ಎರಡು ಮೂರು ವಾರವಾದರೂ ಒಡೆದೇ ಇದ್ದರೆ ಆ್ಯಪ್ ಬಿಟ್ಟು ಇಎನ್‌ಟಿ ವೈದ್ಯರ ಬಳಿ ಹೋಗಿ. ಅಲ್ಲಿ ಧ್ವನಿ ಪರೀಕ್ಷೆ ಮಾಡಿದರೆ, ವರದಿಯ ಜೊತೆಗೆ ರೆಕಾರ್ಡಿಂಗ್ ಫೈಲನ್ನೂ ಕುಗ್ಗಿಸದೆ ಪೆನ್‌ಡ್ರೈವ್‌ಗೆ ಹಾಕಿಕೊಡಿ ಎಂದು ಕೇಳಿ. ಆರು ತಿಂಗಳ ನಂತರ ಬೇರೆ ಊರಿನಲ್ಲಿ, ಬೇರೆ ತಂತ್ರಾಂಶದಲ್ಲಿ ಪರೀಕ್ಷೆಯಾದರೂ, ಹಳೆಯ ಫೈಲನ್ನು ಹೊಸ ಗಡಿಯಲ್ಲಿ ಮತ್ತೆ ಅಳೆದು ಹೋಲಿಸಬಹುದು.